ಸಿ ಡ್ರೈವ್ ಖಾಲಿ ಮಾಡಿದಷ್ಟೂ ಮತ್ತೆ ತುಂಬುತ್ತಿದೆ: ಡಿಟಿಪಿ ಅಂಗಡಿ ಪಿಸಿ, ದಾವಣಗೆರೆ

ಮಂಡಿಪೇಟೆ ಡಿಟಿಪಿ

ಪಿಸಿ ವಿವರ: ವಿಂಡೋಸ್ 10, 16 ಜಿಬಿ ರ‍್ಯಾಮ್. ಸಿ ಡ್ರೈವ್ 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್‌ನಲ್ಲಿ 237 ಜಿಬಿ ಅಂತ ಕಾಣುತ್ತದೆ. ಡಿ ಡ್ರೈವ್ 1 ಟಿಬಿ ಹಾರ್ಡ್ ಡಿಸ್ಕ್. ಫೋಟೋಶಾಪ್, ಕೋರೆಲ್‌ಡ್ರಾ, ಪೇಜ್‌ಮೇಕರ್, ನುಡಿ ಇವೆ. ಒಂದು ಎ3 ಕಲರ್ ಪ್ರಿಂಟರ್, ಒಂದು ಎ4 ಲೇಸರ್. ಕೆಲಸ ಅಂದರೆ ಮದುವೆ ಪತ್ರಿಕೆ, ಪಾಸ್‌ಪೋರ್ಟ್ ಫೋಟೋ, ಆಧಾರ್ ಪ್ರಿಂಟ್, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್.

ಸಮಸ್ಯೆ: ಸಿ ಡ್ರೈವ್‌ನಲ್ಲಿ 3 ಜಿಬಿ ಮಾತ್ರ ಖಾಲಿ ಇದೆ. ಡಿಸ್ಕ್ ಕ್ಲೀನಪ್ ಓಡಿಸಿದರೆ 5-6 ಜಿಬಿ ಸಿಗುತ್ತದೆ, ವಾರ ಕಳೆಯುವುದರೊಳಗೆ ಮತ್ತೆ ಕೆಂಪು ಪಟ್ಟಿ. ಕೆಲಸದ ಫೈಲುಗಳೆಲ್ಲ ಡಿ ಡ್ರೈವ್‌ನಲ್ಲೇ ಇವೆ. ಇನ್ನೊಂದು ವಿಚಿತ್ರ: ಸಿ ಒಳಗಿನ ಎಲ್ಲ ಫೋಲ್ಡರ್ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಸುಮಾರು 140 ಜಿಬಿ ತೋರಿಸುತ್ತದೆ, ಡ್ರೈವ್ ಮಾತ್ರ 234 ಜಿಬಿ ತುಂಬಿದೆ ಅನ್ನುತ್ತದೆ. ಏನನ್ನು ಅಳಿಸಬಹುದು, ಏನನ್ನು ಮುಟ್ಟಬಾರದು?

ವಿದ್ಯಾನಗರ 04

ಒಳ್ಳೆಯ ರಿಜಿಸ್ಟ್ರಿ ಕ್ಲೀನರ್ (ವಿಂಡೋಸ್ ಸೆಟ್ಟಿಂಗ್‌ಗಳ ದಾಖಲೆ ಶುಚಿ ಮಾಡುವ ಸಾಫ್ಟ್‌ವೇರ್) ಹಾಕಿ ನೋಡಿ. ವಿಂಡೋಸ್ ಫೋಲ್ಡರ್ ಒಳಗೆ ವಿನ್‌ಎಸ್‌ಎಕ್ಸ್‌ಎಸ್, ಇನ್‌ಸ್ಟಾಲರ್ ಅಂತ ಎರಡು ದೊಡ್ಡ ಫೋಲ್ಡರ್ ಇರುತ್ತವೆ. ಹಳೇ ಅಪ್‌ಡೇಟ್‌ಗಳೇ ಅವು, ಅಳಿಸಿದರೆ 15-20 ಜಿಬಿ ಬರುತ್ತದೆ.

ದುರ್ಗದ ಡಿಸ್ಕ್

ಆ ಎರಡಕ್ಕೂ ದಯವಿಟ್ಟು ಕೈ ಹಾಕಬೇಡಿ. ವಿನ್‌ಎಸ್‌ಎಕ್ಸ್‌ಎಸ್‌ನಲ್ಲಿರುವ ಬಹಳಷ್ಟು ಫೈಲುಗಳು ಸಿಸ್ಟಮ್32ನಲ್ಲಿರುವವೇ. ಡಿಸ್ಕ್ ಮೇಲೆ ಡೇಟಾ ಒಂದೇ ಕಡೆ ಇರುತ್ತದೆ, ಹೆಸರು ಮಾತ್ರ ಎರಡು ಕಡೆ. ಹಾರ್ಡ್ ಲಿಂಕ್ ಅನ್ನುವುದು ಇದಕ್ಕೇ. ಎಕ್ಸ್‌ಪ್ಲೋರರ್ ಎರಡೂ ಕಡೆ ಲೆಕ್ಕ ಹಿಡಿಯುವುದರಿಂದ ಫೋಲ್ಡರ್ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೈಯಿಂದ ಅಳಿಸಿದರೆ ಅಂದುಕೊಂಡಷ್ಟು ಜಾಗವೂ ಬರುವುದಿಲ್ಲ, ಮುಂದಿನ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಹಳೇ ಅಪ್‌ಡೇಟ್ ತೆಗೆಯಬೇಕಿದ್ದರೆ ಡಿಸ್ಕ್ ಕ್ಲೀನಪ್‌ನಲ್ಲಿ 'ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್' ಒತ್ತಿ, 'ವಿಂಡೋಸ್ ಅಪ್‌ಡೇಟ್ ಕ್ಲೀನಪ್' ಟಿಕ್ ಮಾಡಿ. ಸರಿಯಾದ ದಾರಿ ಅದು.

ಇನ್‌ಸ್ಟಾಲರ್ ಫೋಲ್ಡರ್ ಇನ್ನೂ ಸೂಕ್ಷ್ಮ. ನೀವು ಹಾಕಿದ ಸಾಫ್ಟ್‌ವೇರ್‌ಗಳ ಎಂಎಸ್‌ಐ (ಇನ್‌ಸ್ಟಾಲ್ ಮಾಡುವ), ಎಂಎಸ್‌ಪಿ (ಅಪ್‌ಡೇಟ್ ಮಾಡುವ) ಫೈಲುಗಳು ಅಲ್ಲಿರುತ್ತವೆ. ಅಳಿಸಿದ ದಿನ ಏನೂ ಆಗುವುದಿಲ್ಲ. ಮುಂದೆ ಆಫೀಸ್ ಅಪ್‌ಡೇಟ್ ಬಂದಾಗಲೋ ಯಾವುದೋ ಸಾಫ್ಟ್‌ವೇರ್ ತೆಗೆಯಲು ಹೋದಾಗಲೋ 'ಮೂಲ ಫೈಲ್ ಎಲ್ಲಿ' ಅಂತ ಕೇಳಿ ನಿಂತುಬಿಡುತ್ತದೆ. ಆಗ ತೆಗೆಯಲೂ ಆಗದು, ಮತ್ತೆ ಹಾಕಲೂ ಆಗದು. ರಿಜಿಸ್ಟ್ರಿ ಕ್ಲೀನರ್ ತೆಗೆಯುವುದು ಕೆಲವು ಕೆಬಿ ಅಷ್ಟೇ. ಜಾಗದ ಸಮಸ್ಯೆಗೂ ಅದಕ್ಕೂ ಸಂಬಂಧವೇ ಇಲ್ಲ.

ಈಗ ನಿಮ್ಮ ವಿಷಯ. 234ರಲ್ಲಿ 140 ಕಳೆದರೆ 94 ಜಿಬಿ. ನಿಮ್ಮ ಲಾಗಿನ್‌ಗೆ ಕಾಣದ ಜಾಗದಲ್ಲಿ ಅಷ್ಟು ಕೂತಿದೆ. ಅದನ್ನು ನೋಡುವ ಮುಂಚೆ ಏನನ್ನೂ ಅಳಿಸಬೇಡಿ. ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಅಂತ ತೋರಿಸುವ ವಿಜ್‌ಟ್ರೀ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಟ್ಟೇ ತೆರೆಯಿರಿ. ಅಡ್ಮಿನ್ ಆಗಿ ತೆರೆದರೆ ಅದು ಫೋಲ್ಡರ್ ಒಂದೊಂದನ್ನೇ ಸುತ್ತುವುದಿಲ್ಲ, ಡ್ರೈವ್‌ನ ಎಲ್ಲ ಫೈಲುಗಳ ಪಟ್ಟಿಯಾದ ಎನ್‌ಟಿಎಫ್‌ಎಸ್‌ನ ಮಾಸ್ಟರ್ ಫೈಲ್ ಟೇಬಲ್ ಅನ್ನೇ ಓದುತ್ತದೆ. ಅದಕ್ಕೇ ಬೇಗ ಮುಗಿಯುತ್ತದೆ, ಅನುಮತಿ ಇಲ್ಲದ ಫೋಲ್ಡರ್‌ಗಳೂ ಕಾಣುತ್ತವೆ. ಸುಮ್ಮನೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸ್‌ಪ್ಲೋರರ್‌ಗೆ ಕಂಡಷ್ಟೇ ಅದಕ್ಕೂ ಕಾಣುತ್ತದೆ. 2 ಜಿಬಿಗಿಂತ ದೊಡ್ಡ ಫೋಲ್ಡರ್‌ಗಳನ್ನು ಇಲ್ಲಿ ಹಾಕಿ.

ಮಂಡಿಪೇಟೆ ಡಿಟಿಪಿ

ಅಡ್ಮಿನ್ ಆಗಿ ಓಡಿಸಿದೆ. ವಿಂಡೋಸ್ ಫೋಲ್ಡರ್ 92 ಜಿಬಿ, ಅದರಲ್ಲಿ ಸಿಸ್ಟಮ್32 → ಸ್ಪೂಲ್ → ಪ್ರಿಂಟರ್ಸ್ ಒಂದೇ 61 ಜಿಬಿ. ಯೂಸರ್ಸ್ 78 ಜಿಬಿ: ಆ್ಯಪ್‌ಡೇಟಾ → ಲೋಕಲ್ → ಟೆಂಪ್ 34, ಡೌನ್‌ಲೋಡ್ಸ್ 22, ವಾಟ್ಸ್ಆ್ಯಪ್ 9, ಉಳಿದದ್ದು ಚಿಲ್ಲರೆ. ಪ್ರೋಗ್ರಾಮ್ ಫೈಲ್ಸ್ ಎರಡೂ ಸೇರಿ ಮೂವತ್ತರ ಮೇಲೆ. ಪೇಜ್‌ಫೈಲ್ 16, ಹೈಬರ್‌ಫಿಲ್ 6.4, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ 8.

ಸ್ಪೂಲ್‌ನಲ್ಲಿ ಐದಂಕಿ ಹೆಸರಿನ ಫೈಲುಗಳೇ ತುಂಬಿವೆ. ಪ್ರತಿ ನಂಬರಿಗೂ ಎಸ್‌ಪಿಎಲ್ ಒಂದು, ಎಸ್‌ಎಚ್‌ಡಿ ಒಂದು. ಟೆಂಪ್‌ನಲ್ಲಿ 'ಫೋಟೋಶಾಪ್ ಟೆಂಪ್' ಅಂತ ಶುರುವಾಗುವವು ಬಹಳ ಇವೆ, ಕೆಲವು 4 ಜಿಬಿಯಷ್ಟು ದೊಡ್ಡವು.

ಹದಡಿ ರಸ್ತೆ ಪ್ರಿಂಟರ್ ಸರ್ವೀಸ್

61 ಜಿಬಿಗೆ ಕಾರಣ ಹೇಳುತ್ತೇನೆ. ಪ್ರಿಂಟ್ ಕೊಟ್ಟ ಕೂಡಲೇ ವಿಂಡೋಸ್ ಆ ಕೆಲಸವನ್ನು ಈ ಫೋಲ್ಡರ್‌ನಲ್ಲಿ ಬರೆದಿಟ್ಟುಕೊಂಡು ಪ್ರಿಂಟರ್‌ಗೆ ಕಳಿಸುತ್ತದೆ. ಎಸ್‌ಪಿಎಲ್‌ನಲ್ಲಿ ಪುಟದ ಡೇಟಾ, ಎಸ್‌ಎಚ್‌ಡಿಯಲ್ಲಿ ಯಾರು ಕೊಟ್ಟರು, ಯಾವ ಪ್ರಿಂಟರ್, ಎಷ್ಟು ಕಾಪಿ ಅನ್ನುವ ವಿವರ. ಪ್ರಿಂಟ್ ಮುಗಿದ ಮೇಲೆ ಎರಡೂ ತಾವಾಗಿಯೇ ಹೋಗಬೇಕು. ಹೋಗುತ್ತಿಲ್ಲ ಅಂದರೆ ಸಾಮಾನ್ಯವಾಗಿ ಎರಡೇ ಕಾರಣ.

ಒಂದು, 'ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್' ಅನ್ನುವ ಟಿಕ್. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ ಆರಿಸಿ, 'ಮ್ಯಾನೇಜ್' ಒತ್ತಿ, 'ಪ್ರಿಂಟರ್ ಪ್ರಾಪರ್ಟೀಸ್' ತೆರೆದು 'ಅಡ್ವಾನ್ಸ್ಡ್' ಟ್ಯಾಬ್‌ಗೆ ಹೋಗಿ, ಕೆಳಗೆ ಕಾಣುತ್ತದೆ. 'ಪ್ರಿಂಟಿಂಗ್ ಪ್ರಿಫರೆನ್ಸಸ್' ಬೇರೆ, ಅಲ್ಲಿ ಈ ಟಿಕ್ ಇರುವುದಿಲ್ಲ. ಅದೇ ಪತ್ರಿಕೆಯನ್ನು ಮತ್ತೆ ಮತ್ತೆ ತೆಗೆಯಲು ಅನುಕೂಲ ಅಂತ ಯಾರಾದರೂ ಒಮ್ಮೆ ಹಾಕಿಟ್ಟರೆ ಕೊಟ್ಟ ಪ್ರತಿ ಪ್ರಿಂಟೂ ಅಲ್ಲೇ ಉಳಿಯುತ್ತದೆ. ಎ3 ಪುಟ 300 ಡಿಪಿಐನಲ್ಲಿ 3508 × 4961 ಪಿಕ್ಸೆಲ್, ಪಿಕ್ಸೆಲ್‌ಗೆ 3 ಬೈಟ್ ಹಿಡಿದರೆ ಸುಮಾರು 50 ಎಂಬಿ. ಡ್ರೈವರ್ ಕಂಪ್ರೆಸ್ ಮಾಡದಿದ್ದರೆ ಇಂಥ 1200 ಪುಟಕ್ಕೇ 60 ಜಿಬಿ ಆಗಿಬಿಡುತ್ತದೆ. ಪತ್ರಿಕೆ ಸೀಸನ್‌ನಲ್ಲಿ ಅದೇನು ದೊಡ್ಡ ಲೆಕ್ಕವಲ್ಲ.

ಎರಡನೆಯದು, ಯುಎಸ್‌ಬಿ ಕೇಬಲ್ ಬೇರೆ ಪೋರ್ಟ್‌ಗೆ ಹಾಕಿದಾಗ ಹುಟ್ಟುವ 'ಕಾಪಿ 1' ಪ್ರಿಂಟರ್. ಹಳೆಯದು ಆಫ್‌ಲೈನ್ ಆಗಿ ಕೂತಿರುತ್ತದೆ, ತಪ್ಪಿ ಅದಕ್ಕೆ ಕೊಟ್ಟ ಕೆಲಸವೆಲ್ಲ ಕ್ಯೂನಲ್ಲಿ ಕೊಳೆಯುತ್ತದೆ. ಎಲ್ಲ ಪ್ರಿಂಟರ್‌ಗಳ ಕ್ಯೂ ತೆರೆದು ನೋಡಿ.

ಅಳಿಸುವಾಗ ಕ್ರಮ ಮುಖ್ಯ. ಮೊದಲು ಟಿಕ್ ತೆಗೆಯಿರಿ, ಎ3, ಎ4 ಎರಡರಲ್ಲೂ, ಒಂದರದ್ದು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಬಾಕಿ ಪ್ರಿಂಟ್ ಇದ್ದರೆ ಮುಗಿಸಿಕೊಳ್ಳಿ, ಏಕೆಂದರೆ ಎಲ್ಲ ಪ್ರಿಂಟರ್‌ಗಳ ಕ್ಯೂ ಒಟ್ಟಿಗೇ ಹೋಗುತ್ತದೆ. ಆಮೇಲೆ ಸರ್ವೀಸಸ್ ತೆರೆದು 'ಪ್ರಿಂಟ್ ಸ್ಪೂಲರ್' ಸ್ಟಾಪ್ ಮಾಡಿ. ಸ್ಪೂಲರ್ ಓಡುತ್ತಿರುವಾಗ ಕೆಲವು ಫೈಲ್ ತೆರೆದೇ ಇರುತ್ತವೆ, 'ಇನ್ನೊಂದು ಪ್ರೋಗ್ರಾಮ್ ಬಳಸುತ್ತಿದೆ' ಅಂತ ಬರುತ್ತದೆ. ನಿಂತ ಮೇಲೆ 'ಪ್ರಿಂಟರ್ಸ್' ಫೋಲ್ಡರ್ ಒಳಗಿನದ್ದನ್ನೆಲ್ಲ ಸೆಲೆಕ್ಟ್ ಮಾಡಿ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ. ಬರೀ ಡಿಲೀಟ್ ಒತ್ತಿದರೆ ಅದೇ ಸಿ ಡ್ರೈವ್‌ನ ರೀಸೈಕಲ್ ಬಿನ್‌ಗೆ ಹೋಗುತ್ತದೆ, ಪೂರ್ತಿ ಜಾಗ ಬಿಡುಗಡೆ ಆಗುವುದಿಲ್ಲ. ಫೋಲ್ಡರ್ ಮಾತ್ರ ಹಾಗೇ ಇರಲಿ. ಕೊನೆಗೆ ಸ್ಪೂಲರ್ ಸ್ಟಾರ್ಟ್ ಮಾಡಿ, ಎರಡೂ ಪ್ರಿಂಟರ್‌ನಲ್ಲಿ ಒಂದೊಂದು ಟೆಸ್ಟ್ ಪೇಜ್ ಕೊಟ್ಟು, ಮುಗಿದ ಮೇಲೆ ಫೋಲ್ಡರ್ ಖಾಲಿ ಇದೆಯೇ ನೋಡಿ.

ಇದರಲ್ಲಿ ಜಾಗಕ್ಕಿಂತ ದೊಡ್ಡ ಮಾತೊಂದಿದೆ. ನಿಮ್ಮಲ್ಲಿ ಪ್ರಿಂಟ್ ಆದ ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್ ಎಲ್ಲವೂ ಆ 61 ಜಿಬಿಯಲ್ಲಿವೆ. ಕ್ಯೂ ತೆರೆದು 'ರೀಸ್ಟಾರ್ಟ್' ಒತ್ತಿದರೆ ಯಾರ ಕಾಗದವಾದರೂ ಮತ್ತೆ ಹೊರಗೆ ಬರುತ್ತದೆ. ಗಿರಾಕಿ ನಂಬಿ ಕೊಟ್ಟದ್ದು ಹಾಗೆ ಬಿದ್ದಿರಬಾರದು. ಜಾಗ ಬೇಕಿಲ್ಲದಿದ್ದರೂ ಇದನ್ನು ಅಳಿಸಲೇಬೇಕು.

ದುರ್ಗದ ಡಿಸ್ಕ್

ಸ್ಪೂಲ್ ಬಗ್ಗೆ ಇನ್ನು ಸೇರಿಸುವುದೇನಿಲ್ಲ. ಉಳಿದದ್ದಕ್ಕೆ ಬರುತ್ತೇನೆ.

ಟೆಂಪ್‌ನ 34 ಜಿಬಿ: ಫೋಟೋಶಾಪ್ ಕೆಲಸ ಮಾಡುವಾಗ ರ‍್ಯಾಮ್ ಸಾಲದ್ದನ್ನು ಸ್ಕ್ರ್ಯಾಚ್ ಡಿಸ್ಕ್‌ನಲ್ಲಿ ಬರೆಯುತ್ತದೆ. ಸರಿಯಾಗಿ ಮುಚ್ಚಿದರೆ ಅದೇ ಅಳಿಸಿಕೊಂಡು ಹೋಗುತ್ತದೆ. ಕರೆಂಟ್ ಹೋಗಿ ಪಿಸಿ ಧಪ್ಪನೆ ಆಫ್ ಆದಾಗ, ಪ್ರೋಗ್ರಾಮ್ ಹ್ಯಾಂಗ್ ಆದಾಗ ಆ ಫೈಲು ಅನಾಥವಾಗಿ ಉಳಿಯುತ್ತದೆ. ಬೇಸಿಗೆಯಲ್ಲಿ ಹೆಚ್ಚು ತುಂಬುತ್ತಿದೆ ಅನ್ನಿಸಿದರೆ ಯುಪಿಎಸ್ ಬ್ಯಾಟರಿ ಚೆಕ್ ಮಾಡಿಸಿ. ಎರಡು ನಿಮಿಷವೂ ತಡೆಯದ ಬ್ಯಾಟರಿ ಇದ್ದೂ ಇಲ್ಲದ ಹಾಗೆ.

ಅಳಿಸುವ ಮೊದಲು ಒಮ್ಮೆ ಫೋಟೋಶಾಪ್ ತೆರೆಯಿರಿ. ಸೇವ್ ಆಗದ ಕೆಲಸ ರಿಕವರ್ ಆಗಿ ಬಂದರೆ ಸೇವ್ ಮಾಡಿಕೊಂಡು ಮುಚ್ಚಿ. ನಂತರ ಪಿಸಿ ರೀಸ್ಟಾರ್ಟ್ ಮಾಡಿ, ಬೇರೇನೂ ತೆರೆಯದೆ ಟೆಂಪ್ ಫೋಲ್ಡರ್ ಒಳಗಿನದ್ದನ್ನು ಅಳಿಸಿ. ಕೆಲವು ಹೋಗುವುದಿಲ್ಲ, 'ಸ್ಕಿಪ್' ಕೊಡಿ, ಅವು ಆಗ ಬಳಕೆಯಲ್ಲಿರುವವು. ಮುಂದಕ್ಕೆ ಎಡಿಟ್ → ಪ್ರಿಫರೆನ್ಸಸ್ → ಸ್ಕ್ರ್ಯಾಚ್ ಡಿಸ್ಕ್ಸ್‌ನಲ್ಲಿ ಸಿ ಟಿಕ್ ತೆಗೆದು ಡಿ ಹಾಕಬಹುದು. ಆದರೆ ನಿಮ್ಮ ಡಿ ಹಾರ್ಡ್ ಡಿಸ್ಕ್, ದೊಡ್ಡ ಬ್ಯಾನರ್ ಫೈಲಿನಲ್ಲಿ ನಿಧಾನ ಆಗುತ್ತದೆ. ಸಿ ಡ್ರೈವ್‌ನಲ್ಲಿ 60-70 ಜಿಬಿ ಖಾಲಿ ಉಳಿಯುವುದಾದರೆ ಅಲ್ಲೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಹೈಬರ್‌ಫಿಲ್ ಅಂದರೆ ಹೈಬರ್ನೇಟ್ ಮಾಡುವಾಗ ರ‍್ಯಾಮ್‌ನಲ್ಲಿದ್ದದ್ದನ್ನು ಬರೆದಿಡುವ ಫೈಲ್. ಅದನ್ನು ಫೈಲಾಗಿ ಅಳಿಸಲು ಬರುವುದಿಲ್ಲ, ಹೈಬರ್ನೇಷನ್ ಆಫ್ ಮಾಡಬೇಕು. ಕಮಾಂಡ್ ಪ್ರಾಂಪ್ಟ್ ಅಡ್ಮಿನ್ ಆಗಿ ತೆರೆದು 'ಪವರ್‌ಸಿಎಫ್‌ಜಿ', ಒಂದು ಸ್ಪೇಸ್, 'ಸ್ಲ್ಯಾಶ್ ಎಚ್', ಮತ್ತೊಂದು ಸ್ಪೇಸ್, 'ಆಫ್'. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಸ್ಲ್ಯಾಶ್ ಚಿಹ್ನೆಯಾಗಿ ಟೈಪ್ ಮಾಡಿ. ರ‍್ಯಾಮ್‌ನ ಶೇ. 40ರಷ್ಟು, ಅಂದರೆ ಆ 6.4 ಜಿಬಿ ಕೂಡಲೇ ಬರುತ್ತದೆ. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಎಸ್‌ಎಸ್‌ಡಿ ಇರುವುದರಿಂದ ವ್ಯತ್ಯಾಸ ಕಡಿಮೆ. ಲ್ಯಾಪ್‌ಟಾಪ್ ಆಗಿದ್ದರೆ ಬೇಡ ಅನ್ನುತ್ತಿದ್ದೆ. ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಪೇಜ್‌ಫೈಲ್ ಮುಟ್ಟಬೇಡಿ, ಅದಿಲ್ಲದಿದ್ದರೆ ಫೋಟೋಶಾಪ್, ಕೋರೆಲ್ ಎರಡೂ ತೆರೆದಾಗ ಮೆಮೊರಿ ಸಾಲದೆ ಪ್ರೋಗ್ರಾಮ್ ಬೀಳುತ್ತದೆ.

ಸ್ಟೋರೇಜ್ ಸೆಟ್ಟಿಂಗ್ಸ್‌ನ 'ಟೆಂಪರರಿ ಫೈಲ್ಸ್' ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಹೆಸರು ಟೆಂಪರರಿ ಅಂತಿದ್ದರೂ ಅದು ನಿಮ್ಮ ನಿಜವಾದ ಡೌನ್‌ಲೋಡ್ಸ್ ಫೋಲ್ಡರ್, ಟಿಕ್ ಬಿದ್ದಿಲ್ಲ ಅಂತ ನೋಡಿಯೇ ಮುಂದುವರಿಯಿರಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದನ್ನು ರಿಕವರಿ ಸಾಫ್ಟ್‌ವೇರ್‌ನಿಂದ ವಾಪಸ್ ತರುವ ಆಸೆ ಇಟ್ಟುಕೊಳ್ಳಬೇಡಿ. ಟ್ರಿಮ್ ಆದ (ಅಳಿಸಿದ ಜಾಗ ಖಾಲಿ ಅಂತ ವಿಂಡೋಸ್ ಎಸ್‌ಎಸ್‌ಡಿಗೆ ತಿಳಿಸಿದ) ಬ್ಲಾಕ್‌ನಲ್ಲಿ ಓದಲು ಏನೂ ಉಳಿದಿರುವುದಿಲ್ಲ.

ಅಕ್ಷರ ಜೋಡಣೆ

ಕನ್ನಡ ಡಿಟಿಪಿ ಮಾಡುವವರು ಇದೊಂದನ್ನು ಗಮನಿಸಲೇಬೇಕು. ವಿಂಡೋಸ್ 10ರಲ್ಲಿ ಫಾಂಟ್ ಮೇಲೆ ಬರೀ 'ಇನ್‌ಸ್ಟಾಲ್' ಒತ್ತಿದರೆ ಅದು ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ಗೆ ಹೋಗುವುದಿಲ್ಲ. ಆ್ಯಪ್‌ಡೇಟಾ → ಲೋಕಲ್ → ಮೈಕ್ರೋಸಾಫ್ಟ್ → ವಿಂಡೋಸ್ → ಫಾಂಟ್ಸ್‌ನಲ್ಲಿ, ಆ ಒಬ್ಬ ಯೂಸರ್‌ಗೆ ಮಾತ್ರ ಕೂರುತ್ತದೆ. ಆ್ಯಪ್‌ಡೇಟಾ ಎಲ್ಲ ಕಸವೇ ಅಂದುಕೊಂಡು ಗುಡಿಸಿದರೆ ಫಾಂಟೂ ಹೋಗುತ್ತದೆ. ಬೇಡದ ಯೂಸರ್ ಅಕೌಂಟ್ ತೆಗೆದಾಗಲೂ ಅಷ್ಟೇ.

ಹಳೇ ಪತ್ರಿಕೆಗಳು ಯೂನಿಕೋಡ್‌ನಲ್ಲಿಲ್ಲ. ನುಡಿ, ಶ್ರೀಲಿಪಿಯ ಹಳೇ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕೋಡ್ ಮೇಲೆ ಕೂತಿವೆ. ಫಾಂಟ್ ಇಲ್ಲದೆ ಫೈಲ್ ತೆರೆದರೆ 'ಚಿ. ಸೌ.' ಇದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹಾಗಾಗಿ ಶುಚಿ ಮಾಡುವ ಮುಂಚೆ ಎರಡೂ ಫಾಂಟ್ ಫೋಲ್ಡರ್‌ಗಳನ್ನು ಡಿ ಡ್ರೈವ್‌ಗೂ ಒಂದು ಪೆನ್‌ಡ್ರೈವ್‌ಗೂ ಕಾಪಿ ಮಾಡಿ. ಮುಂದೆ ಹಾಕುವಾಗ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಡಿ.

ಕೋರೆಲ್‌ಡ್ರಾ ಸೇವ್ ಮಾಡಿದಾಗಲೆಲ್ಲ 'ಬ್ಯಾಕಪ್ ಆಫ್' ಅಂತ ಶುರುವಾಗುವ ಪ್ರತಿ ಉಳಿಸುತ್ತದೆ. ಡಿ ಡ್ರೈವ್‌ನಲ್ಲಿ ಹಾಗಂತ ಸರ್ಚ್ ಕೊಟ್ಟು, ಮೂಲ ಫೈಲ್ ಸರಿಯಾಗಿ ತೆರೆಯುತ್ತದೆಯೇ ನೋಡಿಕೊಂಡು, ಹಳೇ ವರ್ಷದವನ್ನು ತೆಗೆಯಬಹುದು.

ಮಂಡಿಪೇಟೆ ಡಿಟಿಪಿ

ಎ3 ಪ್ರಿಂಟರ್‌ನಲ್ಲಿ 'ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್' ಟಿಕ್ ಇತ್ತು, ಕ್ಯೂನಲ್ಲಿ ಸಾವಿರಕ್ಕೂ ಹೆಚ್ಚು ಕೆಲಸ 'ಪ್ರಿಂಟೆಡ್' ಅಂತ ಕೂತಿದ್ದವು. ಫಾಂಟ್ ಕಾಪಿ ಮಾಡಿಕೊಂಡು, ಹೇಳಿದ ಕ್ರಮದಲ್ಲೇ ಸ್ಪೂಲ್, ಟೆಂಪ್, ಹೈಬರ್‌ಫಿಲ್ ಮೂರೂ ಮುಗಿಸಿದೆ. ಈಗ 103 ಜಿಬಿ ಖಾಲಿ. ದಿನವಿಡೀ ಪತ್ರಿಕೆ ಪ್ರಿಂಟ್ ತೆಗೆದರೂ ಸ್ಪೂಲ್ ಫೋಲ್ಡರ್ ಸಂಜೆಗೆ ಖಾಲಿಯೇ ಇದೆ. ವಾಟ್ಸ್ಆ್ಯಪ್‌ನ 9 ಜಿಬಿ ಏನು ಮಾಡಲಿ?

ದುರ್ಗದ ಡಿಸ್ಕ್

ಆ ಫೋಲ್ಡರ್ ಅನ್ನು ಹೊರಗಿನಿಂದ ಅಳಿಸಬೇಡಿ, ಚಾಟ್‌ನ ಡೇಟಾಬೇಸ್ ಕೂಡ ಅದರಲ್ಲೇ ಇರುತ್ತದೆ. ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಫೋಟೋ, ವಿಡಿಯೋ, ಡಾಕ್ಯುಮೆಂಟ್ ತಾನಾಗಿ ಡೌನ್‌ಲೋಡ್ ಆಗುವುದನ್ನು ಆಫ್ ಮಾಡಿ, ದೊಡ್ಡ ಚಾಟ್‌ಗಳನ್ನು ಆ್ಯಪ್ ಒಳಗಿನಿಂದಲೇ ಕ್ಲಿಯರ್ ಮಾಡಿ. ಗಿರಾಕಿಯ ಕೆಲಸದ ಫೈಲ್ ಡಿ ಡ್ರೈವ್‌ಗೆ ಬಂದಿದೆಯೇ ಅಂತ ಮೊದಲು ನೋಡಿ, ಏಕೆಂದರೆ ಕ್ಲಿಯರ್ ಮಾಡಿದರೆ ಫೋನ್‌ನಲ್ಲೂ ಹೋಗಬಹುದು.

ಹೊಳಲ್ಕೆರೆ ಸ್ಟುಡಿಯೋ

ನಮ್ಮ ಪಿಸಿಯಲ್ಲೂ ಇದೇ ಲಕ್ಷಣ, ಆದರೆ ಸ್ಪೂಲ್ ಖಾಲಿ. ವಿಜ್‌ಟ್ರೀಯಲ್ಲಿ ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ 48 ಜಿಬಿ ತೋರಿಸುತ್ತಿದೆ. ತೆರೆದರೆ ಆ್ಯಕ್ಸೆಸ್ ಡಿನೈಡ್.

ದುರ್ಗದ ಡಿಸ್ಕ್

ರಿಸ್ಟೋರ್ ಪಾಯಿಂಟ್‌ಗಳು ಅವು, ತೊಂದರೆ ಬಂದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರಲು ಉಳಿಸಿಟ್ಟ ಪ್ರತಿಗಳು. ಪರ್ಮಿಷನ್ ಬದಲಾಯಿಸಿ ಒಳಗೆ ನುಗ್ಗುವ ಅಗತ್ಯವಿಲ್ಲ. ಸ್ಟಾರ್ಟ್‌ನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಹುಡುಕಿ ತೆರೆಯಿರಿ, ಸಿ ಆರಿಸಿ 'ಕಾನ್ಫಿಗರ್' ಒತ್ತಿ. 'ಮ್ಯಾಕ್ಸ್ ಯೂಸೇಜ್' ಪಟ್ಟಿ ಬಹಳ ಮೇಲಿರಬೇಕು. ಅದನ್ನು ಶೇ. 5ಕ್ಕೆ ಇಳಿಸಿ 'ಅಪ್ಲೈ' ಕೊಡಿ, ಹಳೆಯವು ತಾವಾಗಿ ಹೋಗುತ್ತವೆ. ಕೆಳಗಿನ 'ಡಿಲೀಟ್' ಬಟನ್ ಎಲ್ಲ ಪಾಯಿಂಟ್‌ಗಳನ್ನೂ ಒಟ್ಟಿಗೆ ತೆಗೆದುಬಿಡುತ್ತದೆ, ಪಿಸಿ ಸರಿಯಾಗಿ ಓಡುತ್ತಿದೆ ಅಂತ ಖಾತ್ರಿ ಇದ್ದರೆ ಮಾತ್ರ ಅದನ್ನು ಒತ್ತಿ, ಒತ್ತಿದ ಕೂಡಲೇ ಹೊಸದೊಂದು ಪಾಯಿಂಟ್ ಮಾಡಿಕೊಳ್ಳಿ. ಪ್ರೊಟೆಕ್ಷನ್ ಅನ್ನೇ ಆಫ್ ಮಾಡಬೇಡಿ. ಇಳಿಸಿದ ಮೇಲೂ 48 ಕರಗದಿದ್ದರೆ ಯಾವುದಾದರೂ ಬ್ಯಾಕಪ್ ಸಾಫ್ಟ್‌ವೇರ್ ಶ್ಯಾಡೋ ಕಾಪಿ (ಡ್ರೈವ್‌ನ ಆ ಕ್ಷಣದ ಪ್ರತಿ) ಹಿಡಿದಿಟ್ಟಿರಬಹುದು. ಯಾವುದು ಹಾಕಿದ್ದೀರಿ ಅಂತ ಹೇಳಿ.