ಅಪ್‌ಡೇಟ್: ಕೂಡಿ ಬಾಳುವ ಜಾಗ ಹೊಳಲ್ಕೆರೆ ಹತ್ತಿರವೇ ಸಿಕ್ಕಿತು

ನಾಲ್ಕು ಜನರ ಜೊತೆ ಅಡುಗೆ, ತೋಟ ಹಂಚಿಕೊಂಡು ಬದುಕಬೇಕು, ದಾವಣಗೆರೆಯ ಕೆಲಸವೂ ಉಳಿಯಬೇಕು, ಅಂಥ ಜಾಗ ಇದೆಯಾ ಅಂತ ನಾನೂ ನನ್ನ ಹೆಂಡತಿಯೂ ಕೇಳಿದ್ದೆವಲ್ಲ, ಅದರ ಸುದ್ದಿ ಇದು.

ತುಂಬಾ ಜನ ಆರೋವಿಲ್ ಹೇಳಿದ್ದಿರಿ. ಬೇರೆ ಬೇರೆ ದೇಶಗಳ ಜನ ಕೂಡಿ ಬಾಳಲೆಂದು 1968ರಲ್ಲಿ ಶುರುವಾದ ಊರು, ನಮಗೆ ಬಹಳ ಹಿಡಿಸಿತು. ಆದರೆ ಪುದುಚೇರಿ ಹತ್ತಿರ ಇದ್ದುಕೊಂಡು ಇಲ್ಲಿನ ಕೆಲಸ ಆಗಲ್ಲ. ಅಲ್ಲಿ ಜಮೀನು, ಮನೆ ನಮ್ಮ ಸ್ವಂತದ್ದೂ ಆಗುವುದಿಲ್ಲ. ತೋಟವನ್ನು ತುಂಡು ಮಾಡಿ ಮಾರುವ ಫಾರ್ಮ್ ಪ್ಲಾಟ್‌ಗಳನ್ನೂ ನೋಡಿದೆವು. ಬೇಲಿ, ಗೇಟು ಇವೆ, ಒಟ್ಟಿಗೆ ಊಟ ಮಾಡುವವರಿಲ್ಲ.

ಕೆಲಸಕ್ಕೆ ಬಂದದ್ದು "ಮೊದಲು ಅತಿಥಿಯಾಗಿ ಇದ್ದು ನೋಡಿ" ಅನ್ನುವ ಸಲಹೆ. ಹೊಳಲ್ಕೆರೆ ಕಡೆ ಅಡಿಕೆ ತೋಟದಲ್ಲಿ ಕೆಲವು ಕುಟುಂಬಗಳು ಸೇರಿಕೊಂಡಿವೆ. ಮಧ್ಯಾಹ್ನದ ಊಟ ಒಟ್ಟಿಗೆ, ರಾತ್ರಿಯದು ಅವರವರ ಮನೆಯಲ್ಲಿ. ನಮಗೆ ಇದೇ ಬೇಕಿತ್ತು! ಚಿಕ್ಕಜಾಜೂರಿನಿಂದ ದಾವಣಗೆರೆಗೆ ರೈಲೂ ಇದೆ. ಪಾತ್ರೆ ತೊಳೆಯುವ ಸರದಿ, ಬೋರ್‌ವೆಲ್ ಖರ್ಚು, ಬಿಟ್ಟು ಹೋಗುವವರಿಗೆ ದುಡ್ಡು ವಾಪಸ್ ಹೇಗೆ, ಎಲ್ಲ ಬರೆದಿಟ್ಟಿದ್ದಾರೆ. ಹುಡುಕುತ್ತಿರುವವರು ಇದನ್ನೇ ಮೊದಲು ಕೇಳಿ.

ಗೊತ್ತಿಲ್ಲದ ವಿಷಯ ಒಂದು ತಿಳಿಯಿತು. ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನ ನಿರ್ಬಂಧ ಇದೆ. ಅದಕ್ಕೇ ಸದ್ಯ ಮನೆ ಮಾತ್ರ ಬಾಡಿಗೆಗೆ ತಗೊಂಡಿದ್ದೇವೆ. ಭೂಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಆದರೆ ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಬೇಕೆಂದರೆ ಮೊದಲು 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಗುರುತಿಸುವ ಸರ್ವೆ ನಕ್ಷೆ, ಆಗಬೇಕು. ಮುಂದಿನ ಮಳೆಗಾಲದವರೆಗೆ ಹೀಗೇ ಇದ್ದು, ಆಮೇಲೆ ಕೊಳ್ಳುವ ಯೋಚನೆ.