ಚಪ್ಪಟೆ ಲೆನ್ಸ್ ಪ್ರಿಂಟ್ ಮಾಡಿದೆ, ಫೋಕಸ್ ಆಗುತ್ತಿಲ್ಲ. ಎಲ್ಲಿ ತಪ್ಪಿದೆ?

ಹಾಸನದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಫ್ರೆನೆಲ್ ಝೋನ್ ಪ್ಲೇಟ್ ಮಾಡುತ್ತಿದ್ದೇನೆ, ಅಂದರೆ ಒಂದರ ಸುತ್ತ ಒಂದು ಕಪ್ಪು ಬಿಳಿ ಉಂಗುರಗಳಿಂದ ಬೆಳಕನ್ನು ಒಂದೆಡೆ ಕೂಡಿಸುವ ಚಪ್ಪಟೆ ಲೆನ್ಸ್. ಕೆಂಪು ಲೇಸರ್, 650 ನ್ಯಾನೋಮೀಟರ್. ಫೋಕಲ್ ಲೆಂತ್ 10 ಸೆಂ.ಮೀ., ಲೆನ್ಸ್ ಅಗಲ 2 ಸೆಂ.ಮೀ. ಉಂಗುರದ ಸಂಖ್ಯೆ, ತರಂಗದೂರ, ಫೋಕಲ್ ಲೆಂತ್ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ತ್ರಿಜ್ಯ ಬರುತ್ತದೆ ಅಲ್ವಾ, ಪೈಥಾನ್‌ನಲ್ಲಿ ಹಾಗೇ ಬರೆದು, ಒಂದು ಬಿಟ್ಟು ಒಂದು ಉಂಗುರಕ್ಕೆ ಕಪ್ಪು ತುಂಬಿ, 600 ಡಿಪಿಐ (ಇಂಚಿಗೆ 600 ಚುಕ್ಕೆ) ಲೇಸರ್ ಪ್ರಿಂಟರ್‌ನಲ್ಲಿ ಓಎಚ್‌ಪಿ ಶೀಟ್ (ಪಾರದರ್ಶಕ ಹಾಳೆ) ಮೇಲೆ ಪ್ರಿಂಟ್ ತೆಗೆದೆ. ನಡುವೆ ಒಂದು ಮಬ್ಬು ಚುಕ್ಕೆ ಬಿಟ್ಟರೆ ಏನೂ ಇಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ನಾನು ಬರೆಯದ ಪುಟ್ಟ ಪುಟ್ಟ ವೃತ್ತಗಳು ಶೀಟ್ ತುಂಬಾ ಸಾಲಾಗಿ ಕಾಣುತ್ತಿವೆ! ಎರಡು ವಾರದಿಂದ ಕೋಡ್ ತಿದ್ದಿದ್ದೇ ತಿದ್ದಿದ್ದು. ದಯವಿಟ್ಟು ಯಾರಾದರೂ ಹೇಳಿ.

ಬೆಳಕಿನ ಲ್ಯಾಬ್:
ಕೋಡ್ ಮುಟ್ಟಬೇಡಿ, ಅದು ಸರಿಯಿದೆ. ಎಡವಿರುವುದು ಅಳತೆಯಲ್ಲಿ. ಹೊರಗೆ ಹೋದಂತೆ ಉಂಗುರ ತೆಳ್ಳಗಾಗುತ್ತಾ ಹೋಗುತ್ತದೆ. ತರಂಗದೂರವನ್ನು ಫೋಕಲ್ ಲೆಂತ್‌ನಿಂದ ಗುಣಿಸಿ ಲೆನ್ಸ್ ಅಗಲದಿಂದ ಭಾಗಿಸಿದರೆ ಕಟ್ಟಕಡೆಯ ಉಂಗುರ ಎಷ್ಟು ದಪ್ಪ ಅಂತ ಸಿಗುತ್ತದೆ. ನಿಮ್ಮದು 3.25 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). 600 ಡಿಪಿಐನಲ್ಲಿ ಒಂದು ಚುಕ್ಕೆಯೇ 42 ಮೈಕ್ರಾನ್! ನಡುವಿನಿಂದ ಮುಕ್ಕಾಲು ಮಿಲಿಮೀಟರ್ ದಾಟಿದ ಮೇಲೆ ಉಂಗುರ ಚುಕ್ಕೆಗಿಂತ ಸಣ್ಣದಾಗಿಬಿಡುತ್ತದೆ, ಅಲ್ಲಿಂದಾಚೆ ಎಲ್ಲಾ ಕಲಸಿಹೋಗಿರುತ್ತದೆ. ನಿಮ್ಮ ಕೈಯಲ್ಲಿರುವುದು ಒಂಬತ್ತೇ ಉಂಗುರದ ಲೆನ್ಸ್.

ಆ ಪುಟ್ಟ ವೃತ್ತಗಳೂ ಇದರಿಂದಲೇ ಹುಟ್ಟಿದ್ದು. ಒಂದು ಕಪ್ಪು, ಒಂದು ಬಿಳಿ ಸೇರಿ ಸರಿಯಾಗಿ ಒಂದು ಚುಕ್ಕೆಯಷ್ಟಾದ ಜಾಗದಲ್ಲಿ ಹೊಸ ನಡು ಬಂದಂತೆ ಕಾಣುತ್ತದೆ. ಒಂದೂವರೆ ಮಿಲಿಮೀಟರ್‌ಗೊಂದು ಇರಬೇಕು, ಅಳೆದು ನೋಡಿ.

ನಾನು ಯಾವಾಗಲೂ ಮೊದಲು ಕೇಳುವುದು ನಿಮ್ಮ ಯಂತ್ರ ಎಷ್ಟು ಸಣ್ಣ ಗೆರೆ ಎಳೆಯಬಲ್ಲದು ಅಂತ. ಫೋಕಲ್ ಲೆಂತ್ ಆಮೇಲೆ.

ದಾವಣಗೆರೆ ಸ್ಕ್ರೀನ್‌ಪ್ರಿಂಟ್:
ಫಿಸಿಕ್ಸ್ ನನಗೆ ಗೊತ್ತಿಲ್ಲ, ಗೆರೆ ಗೊತ್ತು. ಪ್ರೆಸ್‌ಗಳಿಗೆ ಪಾಸಿಟಿವ್ ಫಿಲ್ಮ್ ತೆಗೆದುಕೊಡುವ ಕಡೆ ಹೋಗಿ. 2540 ಡಿಪಿಐ ಅಂದರೆ ಚುಕ್ಕೆ 10 ಮೈಕ್ರಾನ್. ಗೆರೆ ಮೂರು ಚುಕ್ಕೆಯಷ್ಟಾದರೂ ದಪ್ಪ ಇರಲಿ. ಜೆಪೆಗ್ ಕೊಡಬೇಡಿ, ವೆಕ್ಟರ್ ಪಿಡಿಎಫ್ (ಗೆರೆ ಗೆರೆಯಾಗಿಯೇ ಉಳಿಯುವ ಫೈಲ್) ಕೊಡಿ, ಹಾಫ್‌ಟೋನ್ (ಚಿತ್ರವನ್ನು ಸಣ್ಣ ಚುಕ್ಕೆಗಳಾಗಿ ಒಡೆಯುವುದು) ಹಾಕಬೇಡಿ ಅಂತ ಬಾಯಿಬಿಟ್ಟು ಹೇಳಿ. ಟೋನರ್ ಕಪ್ಪನ್ನು ದೀಪಕ್ಕೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ, ಫಿಲ್ಮ್ ಕಪ್ಪು ಗಟ್ಟಿ.

ಬೆಳಕಿನ ಲ್ಯಾಬ್:
ಬಹಳ ಒಳ್ಳೆಯ ಸಲಹೆ. ಹಾಗಾದರೆ ಫೋಕಲ್ ಲೆಂತ್ 50 ಸೆಂ.ಮೀ., ಅಗಲ 1 ಸೆಂ.ಮೀ. ಮಾಡಿ. ಒಟ್ಟು 77 ಉಂಗುರ, ಕಡೆಯದು 32 ಮೈಕ್ರಾನ್, ಮೂರು ಚುಕ್ಕೆ ಕೂರುತ್ತದೆ. ಪಾಯಿಂಟರ್ ಕಿರಣ ಎರಡು ಮೂರು ಮಿಲಿಮೀಟರ್ ಮಾತ್ರ ಇರುತ್ತದೆ, ಅದು ಲೆನ್ಸ್ ಪೂರ್ತಿ ತುಂಬುವುದಿಲ್ಲ. ಪಾಯಿಂಟರ್ ಒಳಗೆ ಬೆಳಕು ಕೊಡುವ ಡಯೋಡ್ ಮುಂದಿನ ಪುಟ್ಟ ಲೆನ್ಸ್ ಬಿಚ್ಚಿ, ಫಿಲ್ಮನ್ನು ಡಯೋಡ್‌ನಿಂದ 2 ಮೀಟರ್ ದೂರ ಇಡಿ. ಆಗ ಬೆಳಕಿನ ಚುಕ್ಕೆ ಫಿಲ್ಮ್‌ನಿಂದ 67 ಸೆಂ.ಮೀ. ಆಚೆ ಕೂಡಬೇಕು, ಮಾಮೂಲಿ ಲೆನ್ಸ್ ಸೂತ್ರವೇ. ಕೋಣೆ ಕತ್ತಲಿರಲಿ.

ಚುಕ್ಕೆ ಮಂಕಾಗಿದೆ ಅಂತ ಬೇಜಾರಾಗಬೇಡಿ. ಕಪ್ಪು ಬಿಳಿ ಪ್ಲೇಟ್ ಫೋಕಸ್‌ಗೆ ಕಳಿಸುವುದು ಬೆಳಕಿನ ಶೇ. 10 ಮಾತ್ರ. ಅರ್ಧ ಕಪ್ಪಿಗೇ ಹೋಗುತ್ತದೆ, ಕಾಲು ಭಾಗ ನೇರವಾಗಿ ದಾಟಿ ಹೋಗುತ್ತದೆ.

ಕ್ಲೀನ್‌ರೂಮ್:
ಮುಂದಿನ ಹೆಜ್ಜೆಗೆ ಹೇಳುತ್ತೇನೆ. ಕಪ್ಪು ಹಾಕುವ ಬದಲು ಗಾಜನ್ನೇ ಕೆತ್ತಿ, ಬೆಳಕು ಅರ್ಧ ತರಂಗ ಹಿಂದೆ ಬೀಳುವಂತೆ ಮಾಡಿದರೆ ಶೇ. 40 ಸಿಗುತ್ತದೆ. 1898ರಲ್ಲೇ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ ಇಂಥ ಪ್ಲೇಟ್ ಮಾಡಿದ್ದರು. ಫ್ಯೂಸ್ಡ್ ಸಿಲಿಕಾ ಎಂಬ ಶುದ್ಧ ಗಾಜಿನಲ್ಲಿ ನಿಮ್ಮ ಕೆಂಪಿಗೆ ಆಳ ಸುಮಾರು 710 ನ್ಯಾನೋಮೀಟರ್. ಆಳವನ್ನು ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿದರೆ ನಾಲ್ಕು ಮೆಟ್ಟಿಲಿಗೆ ಶೇ. 81, ಎಂಟು ಮೆಟ್ಟಿಲಿಗೆ ಶೇ. 95. ಎಂಟಕ್ಕೆ ಮೂರು ಮಾಸ್ಕ್ (ಎಲ್ಲಿ ಕೆತ್ತಬೇಕೆಂದು ಗುರುತಿಸುವ ಅಚ್ಚು) ಸಾಕು, ಆದರೆ ಒಂದರ ಮೇಲೊಂದು ಜೋಡಿಸುವುದೇ ಜಾಸ್ತಿ ಕಷ್ಟ, ಹೊರಗಿನ ಉಂಗುರಗಳಲ್ಲಿ ಒಂದು ಮೈಕ್ರಾನ್ ಜರುಗಿದರೂ ಲಾಭ ಕರಗುತ್ತದೆ. ಕಿಟಕಿ ಗಾಜು ಬೇಡ, ಕೆತ್ತಲು ಬಳಸುವ ಪ್ಲಾಸ್ಮಾದಲ್ಲಿ (ವಿದ್ಯುತ್‌ನಿಂದ ಕೆರಳಿಸಿದ ಅನಿಲ) ಅದರ ಸೋಡಿಯಂ ಆವಿಯಾಗದೆ ಅಲ್ಲೇ ಕೂತು ಮೇಲ್ಮೈ ಒರಟಾಗುತ್ತದೆ. ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರವಾದ ಸೆನ್ಸ್‌ನಲ್ಲಿ ಹೊರಗಿನ ಕಾಲೇಜಿನವರಿಗೂ ಐಎನ್‌ಯುಪಿ (ನ್ಯಾನೋ ಲ್ಯಾಬ್ ಬಳಸಲು ಬಿಡುವ ಯೋಜನೆ) ಅಡಿ ಅವಕಾಶ ಇದೆ, ನಿಮ್ಮ ಗೈಡ್ ಹತ್ತಿರ ಮಾತಾಡಿ.

ಹಾಸನದ ಹುಡುಗಿ:
ಅಳೆದೆ! ಸರಿಯಾಗಿ ಒಂದೂವರೆ ಮಿಲಿಮೀಟರ್‌ಗೊಂದು ವೃತ್ತ! ತುಂಬಾ ಥ್ಯಾಂಕ್ಸ್. ನಾಳೆ ಫಿಲ್ಮ್‌ಗೆ ಕೊಡುತ್ತೇನೆ. ಲ್ಯಾಬ್‌ನಲ್ಲಿ 532 ನ್ಯಾನೋಮೀಟರ್‌ನ ಹಸಿರು ಲೇಸರ್ ಕೂಡ ಇದೆ. ಅದರ ಕಿರಣ ಅಗಲಿಸಿ ನೇರ ಮಾಡಿ ಬಿಟ್ಟರೆ ಫೋಕಸ್ 50ರಿಂದ 61 ಸೆಂ.ಮೀ.ಗೆ ಹೋಗಬೇಕು, ಸರಿನಾ?

ಬೆಳಕಿನ ಲ್ಯಾಬ್:
ಸರಿ. ಗಾಜಿನ ಲೆನ್ಸ್‌ನಲ್ಲಿ ಹಸಿರು ಹತ್ತಿರ ಕೂಡುತ್ತದೆ, ಇದರಲ್ಲಿ ದೂರ. ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ ಇಲ್ಲಿ ತೋರಿಸಿ.