ನಾನು ತಯಾರು ಮಾಡಿದ ಕುದುರೆ ಮಾರಾಟಕ್ಕಿದೆ, ಕೊನೇ ಫೆನ್ಸ್‌ನಲ್ಲಿ ರೈಲ್ (ಅಡ್ಡ ಕೋಲು) ಬೀಳ್ತಿದೆ, ತಲೆ ಹೇಗೆ ಸರಿ ಇಟ್ಕೊಳ್ಳೋದು?

ಲಗಾಮು_22:
ಶೋ ಜಂಪಿಂಗನ್ನೇ (ಕುದುರೆ ಮೇಲೆ ಕೂತು ಫೆನ್ಸ್ ಹಾರಿಸೋ ಸ್ಪರ್ಧೆ) ಹೊಟ್ಟೆಪಾಡು ಮಾಡ್ಕೊಂಡಿರೋರು ಇದ್ರೆ ಸ್ವಲ್ಪ ಹೇಳಿ. ನಂಗೆ 22, ಸ್ವಂತ ಕುದುರೆ ಇಲ್ಲ, ಓನರ್‌ಗಳ ಕುದುರೆ ಓಡಿಸ್ತೀನಿ. ನೆಲದ ಮೇಲಿನ ಪೋಲ್‌ನಿಂದ ಶುರು ಮಾಡಿ ನಾನೇ ಬೆಳೆಸಿದ ಒಂದು ಮೇರ್ (ಹೆಣ್ಣು ಕುದುರೆ) ಈಗ 1.40 ಮೀಟರ್ ಎತ್ತರದ ಕ್ಲಾಸ್‌ಗೆ ಬಂದಿದೆ, ಓನರ್ ಮಾರ್ತೀನಿ ಅಂತಿದಾರೆ. ಅವರ ದುಡ್ಡು ಅವರ ಕುದುರೆ, ತಪ್ಪು ಅನ್ನಲ್ಲ. ಆದ್ರೆ ವಿಷ್ಯ ಗೊತ್ತಾದಾಗಿಂದ ರಿಂಗ್ ಒಳಗೆ ಹೋದ್ರೆ ಯಾರು ನೋಡೋಕೆ ಬಂದಿದಾರೋ ಅಂತಾನೇ ಯೋಚ್ನೆ, ಕೊನೇ ಲೈನ್ (ಒಂದರ ಹಿಂದೆ ಒಂದು ಹಾರೋ ಫೆನ್ಸ್ ಜೋಡಿ) ತನಕ ಎಲ್ಲಾ ಕ್ಲಿಯರ್ ಇರುತ್ತೆ ಕೊನೇ ಫೆನ್ಸ್‌ನಲ್ಲಿ ರೈಲ್ ಬೀಳುತ್ತೆ, ನಾಲ್ಕು ಫಾಲ್ಟ್, ಜಂಪ್ ಆಫ್ (ಕ್ಲಿಯರ್ ಮಾಡಿದೋರ ಮಧ್ಯೆ ಟೈಮ್ ಮೇಲಿನ ಕೊನೇ ಸುತ್ತು) ಕನಸು ಅಲ್ಲಿಗೇ ಮುಗೀತು. ಟ್ರೇನಿಂಗ್‌ನಲ್ಲಿ ಅದೇ ಹೈಟ್ ಆರಾಮಾಗಿ ಹಾರುತ್ತೆ. ನನ್ನ ಮೈಂಡ್‌ಸೆಟ್ಟೇ ಈ ಕೆಲ್ಸಕ್ಕೆ ಆಗಿಬರಲ್ವಾ?

ಹಳೇ_ಜೀನು:
ಎರಡು ವಿಷ್ಯ ಒಂದಕ್ಕೊಂದು ಗಂಟು ಹಾಕಿದೀರಿ. ಮಾರಾಟದ್ದು ಬೇರೆ, ರೈಲ್‌ದು ಬೇರೆ. ಸ್ಪರ್ಧೆಗೆ ಮುಂಚೆ ನಡೆದು ನೋಡೋ ಕೋರ್ಸ್ ವಾಕ್‌ನಲ್ಲಿ ನೀವು ಕುದುರೆ ಹೆಜ್ಜೆ ಅಂದ್ರೆ ಒಂದು ಸ್ಟ್ರೈಡ್‌ಗೆ 12 ಅಡಿ ಅಂತ ಅಳೀತೀರಿ ತಾನೆ, ಲ್ಯಾಂಡಿಂಗ್ ಟೇಕಾಫ್ ಸೇರಿ ಐದು ಸ್ಟ್ರೈಡ್ ಲೈನ್ ಅಂದ್ರೆ ಸುಮಾರು 72 ಅಡಿ. ಆದ್ರೆ ಆ ಅಳತೆ ಫ್ರೆಶ್ ಆಗಿ ಹದವಾಗಿ ಓಡೋ ಕುದುರೆಗೆ. ಕೋರ್ಸ್ ಮುಗಿಯೋ ಹೊತ್ತಿಗೆ ಕ್ಯಾಂಟರ್ (ಹದವಾದ ಓಟ) ಉದ್ದ ಆಗಿರುತ್ತೆ, ಬ್ಯಾಲೆನ್ಸ್ ಮುಂದಕ್ಕೆ ಹೋಗಿರುತ್ತೆ, ಗೇಟ್ ಕಡೆ ಮುಖ ಇದ್ರಂತೂ ಕೇಳೋದೇ ಬೇಡ, ಆಕ್ಸರ್ (ಅಗಲ ಇರೋ ಫೆನ್ಸ್) ಮೇಲಿಂದ ದೂರ ಲ್ಯಾಂಡ್ ಆಗುತ್ತೆ, ಅದೇ 72 ಅಡಿ ಈಗ ಸಾಲಲ್ಲ, ಅಗಲ ಇಲ್ದೆ ನೇರ ನಿಂತ ಫೆನ್ಸ್ ಅಂದ್ರೆ ವರ್ಟಿಕಲ್‌ಗೆ ತೀರಾ ಹತ್ರ ಬಂದು ಮುಂಗಾಲು ಮಡಿಸೋಕೆ ಟೈಮ್ ಸಿಗದೆ ರೈಲ್ ತಟ್ಟುತ್ತೆ. ಇದ್ರ ಮೇಲೆ ನೀವು "ಅಬ್ಬಾ ಕ್ಲಿಯರ್" ಅಂತ ಒಂದು ಕ್ಷಣ ಮುಂದಕ್ಕೆ ಬಾಗಿದ್ರೆ ಮುಗೀತು. ಕೋರ್ಸ್ ಡಿಸೈನರ್‌ಗಳಿಗೆ ಇದು ಚೆನ್ನಾಗೇ ಗೊತ್ತು, ಸುಮ್ಮನೆ ಕೊನೇಗೆ ವರ್ಟಿಕಲ್ ಇಡಲ್ಲ. ಟ್ರೇನಿಂಗ್‌ನಲ್ಲಿ ಹಾರುತ್ತೆ ಅಂತೀರಲ್ಲ, ಅಲ್ಲಿ ಪೂರ್ತಿ ಕೋರ್ಸ್ ಮಾಡಿ ದಣಿದ ಮೇಲೆ ಹಾರಿಸ್ತೀರಾ ಅಥವಾ ನಾಕು ಫೆನ್ಸ್ ಹಾರಿಸಿ ಬಿಡ್ತೀರಾ?

ಆಕ್ಸರ್_ಅಣ್ಣ:
ಮೇಲಿನವರು ಹೇಳಿದ್ದು ಸರಿ, ಆದ್ರೆ ತಲೆದೂ ಸ್ವಲ್ಪ ಇದೆ. ಸ್ವೀಡನ್ ರೈಡರ್ ಪೆಡರ್ ಫ್ರೆಡ್ರಿಕ್ಸನ್‌ನ ನೋಡಿ, ರಿಯೋ ಒಲಿಂಪಿಕ್ಸ್ 2016ರಲ್ಲಿ ಆಲ್ ಇನ್ ಅನ್ನೋ ಕುದುರೆ ಮೇಲೆ ಜಂಪ್ ಆಫ್ ಕ್ಲಿಯರ್, ಸಿಲ್ವರ್. 2021ರಲ್ಲಿ ನಡೆದ ಟೋಕಿಯೋದಲ್ಲಿ ಅದೇ ಕುದುರೆ ಮತ್ತೆ ಕ್ಲಿಯರ್, 38.02 ಸೆಕೆಂಡ್, ಗೋಲ್ಡ್ ಗೆದ್ದ ಬೆನ್ ಮಾಹೆರ್ 37.85, ಮತ್ತೆ ಸಿಲ್ವರ್. ಒಂದು ರೈಲೂ ಬೀಳಿಸ್ದೆ ಎರಡು ಸಲ ಗೋಲ್ಡ್ ತಪ್ಪೋದು ಅಂದ್ರೆ ನಮ್ಮಂಥೋರು ಬೂಟು ಬಿಚ್ಚಿ ಎಸೀತಿದ್ವಿ, ಆ ಮನುಷ್ಯ ಕೆಲವೇ ದಿನಕ್ಕೆ ಟೀಮ್ ಗೋಲ್ಡ್ ಹೊಡೆದ. ರಿಯೋದಲ್ಲಿ ಗೆದ್ದ ನಿಕ್ ಸ್ಕೆಲ್ಟನ್ ಕಥೆ ಇನ್ನೂ ವಿಚಿತ್ರ, 2000ದಲ್ಲಿ ಕುತ್ತಿಗೆ ಮುರ್ಕೊಂಡು ರಿಟೈರ್ ಆಗಿ ವಾಪಸ್ ಬಂದು 58ನೇ ವಯಸ್ಸಲ್ಲಿ ಬಿಗ್ ಸ್ಟಾರ್ ಮೇಲೆ ಗೋಲ್ಡ್. 22ಕ್ಕೇ ಆಗಿಬರಲ್ವಾ ಅಂತ ಕೇಳ್ತಿದೀರಲ್ಲ ಮಾರಾಯ್ರೆ.

ಗ್ರೂಮ್_ಟು_ರೈಡರ್:
ಒಲಿಂಪಿಕ್ಸ್ ಕಥೆ ಚೆನ್ನಾಗಿದೆ ಆದ್ರೆ ಇವರ ಬಾಡಿಗೆ ಅದ್ರಿಂದ ಕಟ್ಟೋಕಾಗಲ್ಲ. ಪ್ರೈಜ್ ಮನಿ ನಂಬ್ಕೊಂಡು ಬದುಕೋರು ತುಂಬಾ ಕಮ್ಮಿ, ಉಳಿದೋರಿಗೆಲ್ಲ ಟ್ರೇನಿಂಗ್ ಫೀಸು, ಪಾಠ ಹೇಳೋದು, ಕುದುರೆ ಮಾರಿದಾಗ ಬರೋ ಕಮಿಷನ್. ಅಂದ್ರೆ ಈ ಮಾರಾಟ ನಿಮ್ಮ ಕೆರಿಯರ್‌ಗೆ ಅಡ್ಡ ಅಲ್ಲ, ಅದೇ ಕೆರಿಯರ್. ಕಾಲು ಕ್ಲೀನ್ ಇರೋ, ಬುದ್ಧಿ ಕೆಡದ 1.40 ಮೇರ್ ನೋಡಿದೋರು ಮೊದ್ಲು ಕೇಳೋದೇ ಇದನ್ನ ತಯಾರು ಮಾಡಿದ್ದು ಯಾರು ಅಂತ. ಟ್ರಯಲ್‌ಗೆ ಜನ ಬರೋಕೆ ಮುಂಚೆ ಕಮಿಷನ್ ಎಷ್ಟು ಅಂತ ಬರಹದಲ್ಲಿ ಮಾಡಿಸ್ಕೊಳ್ಳಿ, ಆಮೇಲೆ ಕೇಳಿದ್ರೆ ಮುಖ ಕೆಡುತ್ತೆ. ಬಂದ ದುಡ್ಡಲ್ಲಿ ಒಂದು ಪಾಲು ಎಳೇ ಕುದುರೆಗೆ ಹಾಕಿ ಅಂತ ಓನರ್‌ಗೆ ಹೇಳಿ ನೋಡಿ. ಕುದುರೆ ದೊಡ್ಡ ಗ್ರಾಂಡ್ ಪ್ರೀ ಲೆವೆಲ್‌ಗೆ ಬರೋಕೆ ಸಾಮಾನ್ಯವಾಗಿ ಒಂಬತ್ತು ಹತ್ತು ವರ್ಷ ವಯಸ್ಸಾಗ್ಬೇಕು, ಹಾಗಾಗಿ ಲಾಯದಲ್ಲಿ ಯಾವಾಗ್ಲೂ ಒಂದು ಐದು ವರ್ಷದ್ದು ಇರ್ಲಿ, ಒಂದೇ ಕುದುರೆಗೆ ಜೀವ ಕಟ್ಕೋಬೇಡಿ. ಅಳು ಬಂದ್ರೆ ಅತ್ಬಿಡಿ, ಎಲ್ರೂ ಅಳ್ತಾರೆ, ಟ್ರಕ್ ಹೋದ್ಮೇಲೆ.

ಲಗಾಮು_22:
ಥ್ಯಾಂಕ್ಸ್ ಎಲ್ರಿಗೂ, ಕಮಿಷನ್ ವಿಷ್ಯ ಈ ವಾರವೇ ಮಾತಾಡ್ತೀನಿ. @ಹಳೇ_ಜೀನು ನಾಕು ಫೆನ್ಸ್ ಹಾರಿಸಿ ಬಿಡೋದೇ ಸರ್, ಕಾಲು ಉಳಿಸೋಣ ಅಂತ. ಹಾಗಂತ ಪೂರ್ತಿ ಕೋರ್ಸ್ ಪದೇಪದೇ ಹಾರಿಸೋಕೂ ಆಗಲ್ವಲ್ಲ?

ಹಳೇ_ಜೀನು:
ಬೇಡ, ಹೈಟ್ ಬೇಕಾಗಿಲ್ಲ. ಕೋರ್ಸ್ ಪೂರ್ತಿ ನೆಲದ ಪೋಲ್ ಇಟ್ಟು ಓಡಿಸಿ, ಕೊನೇ ಲೈನ್ ಮಾತ್ರ ಕಟ್ಟಿ, ಅದೂ ಗೇಟ್ ಕಡೆಗೇ ಮುಖ ಮಾಡಿ. ಲ್ಯಾಂಡ್ ಆದ ಮೊದಲ ಎರಡು ಸ್ಟ್ರೈಡ್‌ನಲ್ಲೇ ಮೈ ನೆಟ್ಟಗೆ ಮಾಡಿ ಹಾಫ್ ಹಾಲ್ಟ್ (ಕ್ಷಣ ತಡೆದು ಬ್ಯಾಲೆನ್ಸ್ ಸರಿ ಮಾಡೋದು) ಮುಗಿಸ್ಬಿಡಿ, ಕೊನೇ ಎರಡರಲ್ಲಿ ಲಗಾಮು ಎಳೀಬೇಡಿ. ಬೆಂಡಿಂಗ್ (ಬಾಗಿದ) ಲೈನ್ ಇದ್ರೆ ಸ್ವಲ್ಪ ಹೊರಗಿಂದ ತಗೊಳ್ಳಿ, ಅದೇ ಐದು ಸ್ಟ್ರೈಡ್‌ಗೆ ಜಾಗ ಸಿಗುತ್ತೆ. ಕೊನೇ ಫೆನ್ಸ್ ಹಾರಿದ ತಕ್ಷಣ ಲಗಾಮು ಬಿಟ್ಟು ಕುದುರೆ ಕುತ್ತಿಗೆ ತಟ್ಟೋದೂ ನಿಲ್ಲಿಸಿ, ಅದೇ ಕ್ಯಾಂಟರ್‌ನಲ್ಲಿ ಒಂದು ಸುತ್ತು ಹೋಗಿ ಆಮೇಲೆ ತಟ್ಟಿ.